ಪ್ಲೇಆಫ್ ಅನ್ನೋದು ಐದನೇ ಆಟಗಾರನ ವೈವಾ

ಎನ್‌ಬಿಎ ನೋಡೋ ನಮ್ಮ ಕ್ಯಾಂಪಸ್ ಗ್ಯಾಂಗ್‌ನಲ್ಲಿ ಪ್ರತಿ ವರ್ಷ ಜುಲೈ ಬಂತು ಅಂದ್ರೆ ಒಂದೇ ಚರ್ಚೆ. ಯಾವ ಸ್ಟಾರ್ ಯಾವ ಟೀಮ್‌ಗೆ ಹೋಗ್ತಾನೆ? ಮೂರು ದೊಡ್ಡ ಹೆಸರು ಒಂದೇ ಜೆರ್ಸಿಯಲ್ಲಿ ಕಾಣಿಸಿಕೊಂಡ್ರೆ ಸಾಕು, "ಮುಗೀತು ಮಗಾ, ಈ ಸಲ ಕಪ್ ಅವರದ್ದೇ" ಅಂತ ತೀರ್ಪು ಬಂದುಬಿಡತ್ತೆ. ಆಮೇಲೆ ಏಪ್ರಿಲ್‌ನಲ್ಲೋ ಮೇನಲ್ಲೋ ಆ ಟೀಮ್ ಸದ್ದಿಲ್ಲದೆ ಮನೆಗೆ ಹೋಗಿರತ್ತೆ. ತೀರ್ಪು ಕೊಟ್ಟವರು ಅಷ್ಟೊತ್ತಿಗೆ ಮುಂದಿನ ಜುಲೈ ಬಗ್ಗೆ ಮಾತಾಡ್ತಿರ್ತಾರೆ.

ನನ್ನ ವಾದ ಇಷ್ಟೇ. ಟೀಮಿನ ಅತ್ಯುತ್ತಮ ಆಟಗಾರ ನಿಮ್ಮನ್ನ ಪ್ಲೇಆಫ್ ಬಾಗಿಲವರೆಗೆ ಕರ್ಕೊಂಡು ಹೋಗ್ತಾನೆ. ಒಳಗೆ ಹೋದಮೇಲೆ ಎಷ್ಟು ದಿನ ಉಳೀತೀರಿ ಅನ್ನೋದನ್ನ ಕೋರ್ಟ್ ಮೇಲಿರೋ ಐದನೇ ಆಟಗಾರ ತೀರ್ಮಾನ ಮಾಡ್ತಾನೆ. ಚಾಂಪಿಯನ್ ಟೀಮ್ ಕಟ್ಟೋದು ಅಂದ್ರೆ ಬಹುಪಾಲು ಆ ಐದನೆಯವನನ್ನ ಹುಡುಕೋ ಕೆಲಸ.

ಎನ್‌ಬಿಎ ನೋಡದವರಿಗೆ ಮೊದಲು ಲೆಕ್ಕ ಹೇಳಿಬಿಡ್ತೀನಿ. ಒಟ್ಟು 30 ಟೀಮ್. ಅಕ್ಟೋಬರ್‌ನಿಂದ ಏಪ್ರಿಲ್‌ವರೆಗೆ ಒಂದೊಂದು ಟೀಮ್ 82 ಮ್ಯಾಚ್ ಆಡತ್ತೆ. ಕೊನೆಗೆ 16 ಟೀಮ್ ಪ್ಲೇಆಫ್‌ಗೆ ಉಳಿಯುತ್ತವೆ. ಅಲ್ಲಿಂದ ನಾಲ್ಕು ರೌಂಡ್. ಒಂದೊಂದು ರೌಂಡ್‌ನಲ್ಲೂ ಒಂದೇ ಎದುರಾಳಿ ಜೊತೆ ಏಳು ಮ್ಯಾಚ್‌ವರೆಗೆ ಆಡಬೇಕು, ಮೊದಲು ನಾಲ್ಕು ಗೆದ್ದವರು ಮುಂದಕ್ಕೆ. ಅಂದ್ರೆ ಚಾಂಪಿಯನ್ ಆಗೋಕೆ 16 ಗೆಲುವು ಬೇಕು. ಐಪಿಎಲ್ ಫೈನಲ್ ಥರ ಒಂದು ರಾತ್ರಿ ಒಬ್ಬ ಸಿಡಿದ್ರೆ ಕೆಲಸ ಆಯ್ತು ಅನ್ನೋ ಹಾಗಿಲ್ಲ.

ಈ "ಒಂದೇ ಎದುರಾಳಿ, ಏಳು ಮ್ಯಾಚ್" ಅನ್ನೋದರಲ್ಲೇ ಎಲ್ಲ ಇದೆ. ರೆಗ್ಯುಲರ್ ಸೀಸನ್‌ನಲ್ಲಿ ಇವತ್ತು ಒಂದು ಊರು, ನಾಡಿದ್ದು ಇನ್ನೊಂದು ಊರು. ಎದುರಾಳಿಯ ವೀಕ್ನೆಸ್ ಕೂತು ಸ್ಟಡಿ ಮಾಡೋಕೆ ಯಾರಿಗೂ ಟೈಮ್ ಇಲ್ಲ. ಹಾಗಾಗಿ ಟ್ಯಾಲೆಂಟ್ ಜಾಸ್ತಿ ಇರೋರು ಸುಮ್ನೆ ಗೆಲ್ತಾ ಹೋಗ್ತಾರೆ. ಪ್ಲೇಆಫ್‌ನಲ್ಲಿ ಎದುರಾಳಿ ಕೋಚ್‌ಗಳು ಎರಡು ವಾರ ನಿಮ್ಮೊಬ್ಬರ ವಿಡಿಯೋ ಮಾತ್ರ ನೋಡ್ತಾರೆ. ನಮ್ಮ ಭಾಷೆಯಲ್ಲಿ ಹೇಳಬೇಕು ಅಂದ್ರೆ, ರೆಗ್ಯುಲರ್ ಸೀಸನ್ ಥಿಯರಿ ಪೇಪರ್ ಇದ್ದ ಹಾಗೆ. ಒಂದು ಟಾಪಿಕ್ ಚಾಯ್ಸ್‌ನಲ್ಲಿ ಬಿಟ್ಟು ಉಳಿದಿದ್ದರಲ್ಲಿ ಸ್ಕೋರ್ ಮಾಡಬಹುದು. ಪ್ಲೇಆಫ್ ವೈವಾ. ಎಕ್ಸ್‌ಟರ್ನಲ್‌ಗೆ ನೀವು ಬಿಟ್ಟಿರೋ ಟಾಪಿಕ್ ಯಾವುದು ಅಂತ ಒಂದು ಸಲ ವಾಸನೆ ಸಿಕ್ತು ಅಂದ್ರೆ ಆಮೇಲೆ ಅದನ್ನ ಬಿಟ್ಟು ಬೇರೆ ಕೇಳಲ್ಲ.

ಇದು ಕೋರ್ಟ್ ಮೇಲೆ ಹೇಗೆ ನಡೆಯುತ್ತೆ ನೋಡಿ. ನಿಮ್ಮ ಐವರಲ್ಲಿ ಒಬ್ಬ ಡಿಫೆನ್ಸ್‌ನಲ್ಲಿ ನಿಧಾನ ಅಂದ್ಕೊಳ್ಳಿ. ಅವನು ಯಾರನ್ನ ಗಾರ್ಡ್ ಮಾಡ್ತಿದ್ದಾನೋ ಆ ಎದುರಾಳಿಯನ್ನ ಕರೆದು ತಮ್ಮ ಸ್ಟಾರ್‌ಗೆ ಸ್ಕ್ರೀನ್ ಹಾಕಿಸ್ತಾರೆ, ಅಂದ್ರೆ ದಾರಿಗೆ ಅಡ್ಡ ನಿಲ್ಲಿಸ್ತಾರೆ. ಅಡ್ಡ ನಿಂತಾಗ ಡಿಫೆಂಡರ್‌ಗಳು ಜಾಗ ಬದಲಾಯಿಸಬೇಕಾಗತ್ತೆ. ಈಗ ನಿಮ್ಮ ನಿಧಾನದ ಹುಡುಗ ಅವರ ಅತ್ಯುತ್ತಮ ಆಟಗಾರನ ಎದುರು ಒಬ್ಬನೇ ನಿಂತಿದ್ದಾನೆ. ಇದೇ ಆಟ ಮತ್ತೆ, ಮತ್ತೆ, ಅವನನ್ನ ಬೆಂಚ್‌ಗೆ ಕಳಿಸೋವರೆಗೂ. ಇನ್ನೊಂದು ತುದಿಯಲ್ಲಿ ಉಲ್ಟಾ. ನಿಮ್ಮಲ್ಲೊಬ್ಬನಿಗೆ ದೂರದಿಂದ ಶೂಟ್ ಮಾಡೋಕೆ ಬರಲ್ಲ ಅಂದ್ರೆ ಅವನನ್ನ ಗಾರ್ಡ್ ಮಾಡೋದೇ ಬಿಟ್ಟುಬಿಡ್ತಾರೆ. ಹಾಗೆ ಉಳಿದ ಡಿಫೆಂಡರ್ ಬಂದು ಬಾಸ್ಕೆಟ್ ಕೆಳಗೆ ನಿಲ್ತಾನೆ, ನಿಮ್ಮ ಸ್ಟಾರ್‌ಗೆ ಒಳಗೆ ನುಗ್ಗೋಕೆ ಜಾಗ ಇರಲ್ಲ. ಅಂದ್ರೆ ಪ್ಲೇಆಫ್‌ನಲ್ಲಿ ಪ್ರತಿಯೊಬ್ಬ ಆಟಗಾರನಿಗೂ ಎರಡೇ ಪ್ರಶ್ನೆ: ಖಾಲಿ ಬಿಟ್ರೆ ಬಾಲ್ ಹಾಕ್ತೀಯಾ? ಎದುರು ನಿಲ್ಲಿಸಿದ್ರೆ ತಡೀತೀಯಾ? ಎರಡಕ್ಕೂ ಹೌದು ಅನ್ನೋ ಐದು ಜನ ಬೇಕು.

ಹೆಸರಿನ ಟೀಮ್‌ಗಳಿಗೆ ಏನಾಯ್ತು

ಫೀನಿಕ್ಸ್ ಸನ್ಸ್ ತಗೊಳ್ಳಿ. 2021ರಲ್ಲಿ ಫೈನಲ್ ಆಡಿದ ಟೀಮ್. ಮುಂದಿನ ಸೀಸನ್ 64 ಮ್ಯಾಚ್ ಗೆದ್ದಿತು. ಅದರಲ್ಲಿ ಮಿಕಾಲ್ ಬ್ರಿಡ್ಜಸ್, ಕ್ಯಾಮ್ ಜಾನ್ಸನ್ ಅಂತ ಇಬ್ಬರಿದ್ರು. ಪೋಸ್ಟರ್ ಮೇಲೆ ಬರೋ ಹೆಸರಲ್ಲ, ಆದ್ರೆ ಮೇಲಿನ ಎರಡೂ ಪ್ರಶ್ನೆಗೆ ಇಬ್ಬರದ್ದೂ ಉತ್ತರ "ಹೌದು". 2023ರ ಫೆಬ್ರವರಿಯಲ್ಲಿ ಇವರಿಬ್ಬರನ್ನೂ, ಜೊತೆಗೆ ಮುಂದಿನ ವರ್ಷಗಳ ನಾಲ್ಕು ಫಸ್ಟ್ ರೌಂಡ್ ಡ್ರಾಫ್ಟ್ ಪಿಕ್‌ಗಳನ್ನೂ ಕೊಟ್ಟು ಕೆವಿನ್ ಡ್ಯುರಾಂಟ್‌ನ ತಂದರು. ಅದೇ ವರ್ಷ ಬೇಸಿಗೆಯಲ್ಲಿ ಬ್ರಾಡ್ಲಿ ಬೀಲ್‌ನೂ ತಂದರು. ಡೆವಿನ್ ಬುಕರ್ ಮೊದಲೇ ಇದ್ದ. ಕಾಗದದ ಮೇಲೆ ಇದಕ್ಕಿಂತ ಚಂದದ ಟೀಮ್ ಬೇಕಾ?

2024ರ ಮೊದಲ ರೌಂಡ್‌ನಲ್ಲೇ ಮಿನ್ನೆಸೋಟಾ ಟಿಂಬರ್‌ವುಲ್ವ್ಸ್ 4-0 ಮಾಡಿ ಕಳಿಸಿತು. ಅದರ ಮುಂದಿನ ಸೀಸನ್‌ನಲ್ಲಿ ಲೀಗ್‌ಗೇ ಅತಿ ಹೆಚ್ಚು ಸಂಬಳ ಕೊಡೋ ಟೀಮ್ ಆಗಿದ್ರೂ 36 ಗೆದ್ದು 46 ಸೋತು ಪ್ಲೇಆಫ್‌ಗೇ ಬರಲಿಲ್ಲ. ಮೂರು ವರ್ಷದಲ್ಲಿ ಮೂರು ಕೋಚ್‌ಗಳನ್ನ ಕೆಲಸದಿಂದ ತೆಗೆದರು. 2025ರ ಬೇಸಿಗೆ ಮುಗಿಯೋ ಹೊತ್ತಿಗೆ ಡ್ಯುರಾಂಟ್ ಹೂಸ್ಟನ್‌ನಲ್ಲಿ, ಬೀಲ್ ಲಾಸ್ ಏಂಜಲಿಸ್‌ನಲ್ಲಿ. ಹೋದ ಪಿಕ್‌ಗಳು ಹೋದವು. ತಪ್ಪು ಡ್ಯುರಾಂಟ್‌ದು ಅಂತ ನಾನು ಹೇಳಲ್ಲ, ಅವನು ಅಲ್ಲೂ ಚೆನ್ನಾಗೇ ಆಡಿದ. ಮೂರು ದೊಡ್ಡ ಸಂಬಳ ಕೊಟ್ಟಮೇಲೆ ಉಳಿದ ಹಲವು ಜಾಗಗಳಿಗೆ ಕನಿಷ್ಠ ಸಂಬಳಕ್ಕೆ ಬರೋರನ್ನ ತುಂಬಿಸಬೇಕಾಯ್ತು. ವೈವಾದಲ್ಲಿ ಪ್ರಶ್ನೆ ಬಂದಿದ್ದು ಅವರಿಗೆ.

ಇದಕ್ಕಿಂತ ಚೆನ್ನಾಗಿ ಕಾಣೋ ಉದಾಹರಣೆ 2025ರ ಲೇಕರ್ಸ್. ಆ ಫೆಬ್ರವರಿಯಲ್ಲಿ ಲೂಕಾ ಡಾನ್ಚಿಚ್ ಡಲ್ಲಾಸ್ ಬಿಟ್ಟು ಲೇಕರ್ಸ್‌ಗೆ ಬಂದಾಗ ಇಡೀ ಬಾಸ್ಕೆಟ್‌ಬಾಲ್ ಲೋಕ ನಂಬಲಿಲ್ಲ. ಲೂಕಾ ಮತ್ತು ಲೆಬ್ರಾನ್ ಒಂದೇ ಟೀಮಲ್ಲಿ! ಆದ್ರೆ ಆ ಟ್ರೇಡ್‌ನಲ್ಲಿ ಬಾಸ್ಕೆಟ್ ಕಾಯುತ್ತಿದ್ದ ಆಂಥನಿ ಡೇವಿಸ್ ಹೋದ. ಅವನ ಜಾಗಕ್ಕೆ ಸೆಂಟರ್ ತರೋ ಇನ್ನೊಂದು ಟ್ರೇಡ್ ಮೆಡಿಕಲ್ ಟೆಸ್ಟ್ ಆದಮೇಲೆ ರದ್ದಾಯ್ತು. ಮೊದಲ ರೌಂಡ್, ಮತ್ತೆ ಮಿನ್ನೆಸೋಟಾ. ನಾಲ್ಕನೇ ಮ್ಯಾಚ್‌ನಲ್ಲಿ ಕೋಚ್ ಜೆಜೆ ರೆಡಿಕ್ ಸೆಕೆಂಡ್ ಹಾಫ್‌ನ 24 ನಿಮಿಷ ಪೂರ್ತಿ ಅದೇ ಐದು ಜನರನ್ನ ಆಡಿಸಿದ. ಒಬ್ಬನನ್ನೂ ಬದಲಾಯಿಸಲಿಲ್ಲ. ಅದರಲ್ಲಿ ಲೆಬ್ರಾನ್‌ಗೆ 40 ವರ್ಷ! ಬೆಂಚ್ ಮೇಲೆ ಆ ಕೋಚ್‌ಗೆ ನಂಬಿಕೆ ಇರೋ ಆರನೇ ಮನುಷ್ಯ ಇರಲಿಲ್ಲ ಅನ್ನೋದಕ್ಕೆ ಬೇರೆ ಸಾಕ್ಷಿ ಬೇಡ. ಮೂರು ಪಾಯಿಂಟ್‌ನಲ್ಲಿ ಸೋತರು. ಐದನೇ ಮ್ಯಾಚ್‌ನಲ್ಲಿ ಮಿನ್ನೆಸೋಟಾದ ಸೆಂಟರ್ ರೂಡಿ ಗೋಬೇರ್ 27 ಪಾಯಿಂಟ್, 24 ರಿಬೌಂಡ್ ತಗೊಂಡ. ಸೆಂಟರ್ ಇಲ್ಲ ಅನ್ನೋ ತೂತು ಎಲ್ಲಿತ್ತೋ ಸರಿಯಾಗಿ ಅಲ್ಲೇ ನೀರು ನುಗ್ಗಿತು. ಸೀರೀಸ್ 4-1.

ಓಕ್ಲಹಾಮಾದವರು ಮಾಡಿದ್ದು

ಈಗ ಇನ್ನೊಂದು ಕಡೆ ನೋಡೋಣ. ಓಕ್ಲಹಾಮಾ ಸಿಟಿ ಲೀಗ್‌ನ ಚಿಕ್ಕ ಊರುಗಳಲ್ಲಿ ಒಂದು. ಒಂದು ಕಾಲದಲ್ಲಿ ಥಂಡರ್ ಟೀಮ್‌ನಲ್ಲಿ ಡ್ಯುರಾಂಟ್, ವೆಸ್ಟ್‌ಬ್ರೂಕ್, ಹಾರ್ಡನ್ ಮೂವರೂ ಇದ್ದರು. ಮುಂದೆ ಮೂವರೂ ಎಂವಿಪಿ ಆದರು. ಆ ಮೂವರ ಜೊತೆ 2012ರಲ್ಲಿ ಫೈನಲ್‌ಗೆ ಹೋಗಿ 4-1ರಲ್ಲಿ ಸೋತರು, ಮರು ಸೀಸನ್ ಶುರುವಾಗೋ ಮೊದಲೇ ಹಾರ್ಡನ್ ಟ್ರೇಡ್ ಆದ. ಮೂರು ಎಂವಿಪಿ ಕೈಯಲ್ಲಿದ್ದೂ ಸೊನ್ನೆ ಟ್ರೋಫಿ.

2019ರ ಜುಲೈನಲ್ಲಿ ಜನರಲ್ ಮ್ಯಾನೇಜರ್ ಸ್ಯಾಮ್ ಪ್ರೆಸ್ಟಿ ಪಾಲ್ ಜಾರ್ಜ್‌ನ ಕ್ಲಿಪ್ಪರ್ಸ್‌ಗೆ ಕೊಟ್ಟ. ಕ್ಲಿಪ್ಪರ್ಸ್‌ಗೆ ಆ ದಿನ ಕವಾಯ್ ಲೆನರ್ಡ್, ಪಾಲ್ ಜಾರ್ಜ್ ಇಬ್ಬರೂ ಸಿಕ್ಕಿದ್ದರು, ಎಲ್ಲರೂ ಚಪ್ಪಾಳೆ ಹೊಡೆದರು. ಓಕ್ಲಹಾಮಾಗೆ ಬಂದದ್ದು ಶೇ ಗಿಲ್ಜಸ್-ಅಲೆಕ್ಸಾಂಡರ್ ಅನ್ನೋ ಎರಡನೇ ವರ್ಷಕ್ಕೆ ಕಾಲಿಡ್ತಿದ್ದ ಹುಡುಗ, ಇನ್ನೊಬ್ಬ ಅನುಭವಿ ಆಟಗಾರ, ಮತ್ತೆ ಒಂದಷ್ಟು ಫಸ್ಟ್ ರೌಂಡ್ ಪಿಕ್. ಆಮೇಲೆ ಒಂದು ಸೀಸನ್ 22 ಗೆಲುವು, ಇನ್ನೊಂದು ಸೀಸನ್ 24. ಕ್ಲಿಪ್ಪರ್ಸ್ ಕೊಟ್ಟ ಪಿಕ್‌ಗಳಲ್ಲಿ ಒಂದು 2022ರಲ್ಲಿ 12ನೇ ನಂಬರ್ ಆಗಿ ಬಂತು, ಅದರಲ್ಲಿ ಸಿಕ್ಕವನು ಜೇಲನ್ ವಿಲಿಯಮ್ಸ್. ಅದೇ ಡ್ರಾಫ್ಟ್‌ನಲ್ಲಿ ತಮ್ಮದೇ 2ನೇ ಪಿಕ್‌ನಲ್ಲಿ ಚೆಟ್ ಹೋಮ್‌ಗ್ರೆನ್. ಲೂ ಡೋರ್ಟ್‌ನ 2019ರಲ್ಲಿ ಯಾವ ಟೀಮೂ ಡ್ರಾಫ್ಟ್‌ನಲ್ಲಿ ತಗೊಂಡಿರಲಿಲ್ಲ, ಇವರು ಕರೆದು ಜಾಗ ಕೊಟ್ಟರು. 2025ರಲ್ಲಿ ಅವನು ಲೀಗ್‌ನ ಆಲ್-ಡಿಫೆನ್ಸಿವ್ ಫಸ್ಟ್ ಟೀಮ್‌ನಲ್ಲಿ.

ಇಲ್ಲಿವರೆಗಿನ ಕಥೆ ಎಲ್ಲರೂ ಹೇಳ್ತಾರೆ. ನನಗೆ ಮುಖ್ಯ ಅನಿಸೋದು 2024ರ ಒಂದು ಸಣ್ಣ ಟ್ರೇಡ್.

ಆ ವರ್ಷ ಥಂಡರ್ 57 ಮ್ಯಾಚ್ ಗೆದ್ದು ವೆಸ್ಟ್‌ನಲ್ಲಿ ಮೊದಲ ಸ್ಥಾನಕ್ಕೆ ಬಂದಿತ್ತು. ಎರಡನೇ ರೌಂಡ್‌ನಲ್ಲಿ ಡಲ್ಲಾಸ್ ಸಿಕ್ತು. ಡಲ್ಲಾಸ್‌ನವರು ಜಾಶ್ ಗಿಡ್ಡಿಯನ್ನ ದೂರದಲ್ಲಿ ಖಾಲಿ ಬಿಟ್ಟುಬಿಟ್ಟರು. ಹೊಡಿ ನೋಡೋಣ ಅನ್ನೋ ಹಾಗೆ. ಗಿಡ್ಡಿ 6ನೇ ಪಿಕ್‌ನಲ್ಲಿ ಬಂದವನು, 21 ವರ್ಷ, ಪಾಸಿಂಗ್‌ನಲ್ಲಿ ಜಾದೂಗಾರ. ಆದ್ರೂ ಸೀರೀಸ್ ಮಧ್ಯದಲ್ಲೇ ಅವನನ್ನ ಸ್ಟಾರ್ಟಿಂಗ್ ಐದರಿಂದ ತೆಗೀಬೇಕಾಯ್ತು. 4-2ರಲ್ಲಿ ಸೋತರು. ಜೂನ್‌ನಲ್ಲಿ ಪ್ರೆಸ್ಟಿ ಗಿಡ್ಡಿಯನ್ನ ಶಿಕಾಗೊಗೆ ಕೊಟ್ಟು ಅಲೆಕ್ಸ್ ಕರೂಸೊನ ತಂದ. ಕರೂಸೊಗೆ ಆಗ 30 ವರ್ಷ, ಡ್ರಾಫ್ಟ್ ಆಗದೇ ಲೀಗ್‌ಗೆ ಬಂದವನು, ಹಿಂದಿನ ಸೀಸನ್ ಮ್ಯಾಚ್‌ಗೆ ಸುಮಾರು 10 ಪಾಯಿಂಟ್. ಯಾರೂ ಜೆರ್ಸಿ ಕೊಳ್ಳೋಕೆ ಓಡೋ ಹೆಸರಲ್ಲ. ಆದ್ರೆ ಅವನನ್ನ ಖಾಲಿ ಬಿಡೋ ಹಾಗಿಲ್ಲ, ಎದುರಿಗೆ ನಿಲ್ಲಿಸಿ ಆಡಿಸೋ ಹಾಗೂ ಇಲ್ಲ. ಬಾಸ್ಕೆಟ್ ಕೆಳಗಿನ ಕೆಲಸಕ್ಕೆ ಐಸಾಯಾ ಹಾರ್ಟೆನ್‌ಸ್ಟೈನ್ ಬಂದ. ಸ್ಟಾರ್ ಯಾರೂ ಬರಲಿಲ್ಲ. ಇದ್ದ ತೂತನ್ನ ಮುಚ್ಚಿದರು, ಅಷ್ಟೇ.

ಮುಂದಿನ ಸೀಸನ್ 68 ಗೆಲುವು. ಎರಡನೇ ರೌಂಡ್‌ನ ಏಳನೇ ಮ್ಯಾಚ್‌ನಲ್ಲಿ ಡೆನ್ವರ್‌ನ ನಿಕೋಲಾ ಯೋಕಿಚ್ ಎದುರಿಗೆ ಗಾರ್ಡ್ ಮಾಡೋಕೆ ನಿಲ್ಲಿಸಿದ್ದು ಯಾರನ್ನ ಗೊತ್ತಾ? ಇದೇ ಕರೂಸೊನ. ಯೋಕಿಚ್ ಸುಮಾರು ಏಳಡಿ, ಕರೂಸೊ ಆರೂವರೆ ಅಡಿಗೂ ಸ್ವಲ್ಪ ಕಮ್ಮಿ. ಮೈಗೆ ಅಂಟಿಕೊಂಡು, ಬಾಲ್ ಕೈಗೆ ಬರೋ ಮುಂಚೆನೇ ಕಾಟ ಕೊಟ್ಟ. 125-93. ಫೈನಲ್‌ನಲ್ಲಿ ಇಂಡಿಯಾನಾ ಪೇಸರ್ಸ್ ವಿರುದ್ಧ ಎರಡು ಮ್ಯಾಚ್‌ನಲ್ಲಿ ಬೆಂಚ್‌ನಿಂದ ಬಂದು 20 ಪಾಯಿಂಟ್ ಹಾಕಿದ, ಎರಡೂ ಥಂಡರ್ ಗೆದ್ದಿತು. 2025ರ ಜೂನ್ 22ರಂದು ಏಳನೇ ಮ್ಯಾಚ್ 103-91ರಲ್ಲಿ ಗೆದ್ದು ಚಾಂಪಿಯನ್ ಆದರು. ಫೈನಲ್ಸ್ ಎಂವಿಪಿ ಶೇ, ಅದು ಸರಿಯಾದ ಆಯ್ಕೆ. ಆದ್ರೆ ಹಿಂದಿನ ವರ್ಷವೂ ಶೇ ಇದ್ದ. ಬದಲಾಗಿದ್ದು ಅವನ ಸುತ್ತ ಇದ್ದವರು.

ಸೋತ ಪೇಸರ್ಸ್ ಕೂಡ ಇದೇ ಮಾತಿಗೆ ಸಾಕ್ಷಿ. ಕೋಚ್ ರಿಕ್ ಕಾರ್ಲೈಲ್ ಹತ್ತು ಜನರನ್ನ ಆಡಿಸ್ತಿದ್ದ. ಮೂರನೇ ಮ್ಯಾಚ್‌ನಲ್ಲಿ ಪೇಸರ್ಸ್ ಬೆಂಚ್ 49 ಪಾಯಿಂಟ್, ಥಂಡರ್ ಬೆಂಚ್ 18. ಇದೇ ಕಾರ್ಲೈಲ್ 2011ರಲ್ಲಿ ಡಲ್ಲಾಸ್ ಕೋಚ್ ಆಗಿದ್ದಾಗ ಲೆಬ್ರಾನ್, ವೇಡ್, ಬಾಶ್ ಮೂವರಿದ್ದ ಮಯಾಮಿಯನ್ನ 4-2ರಲ್ಲಿ ಸೋಲಿಸಿದ್ದ. ಆಗ ನಾಲ್ಕನೇ ಮ್ಯಾಚ್‌ನಿಂದ ಜೆಜೆ ಬರೇಯಾ ಅನ್ನೋ ಪುಟ್ಟ ಗಾರ್ಡ್‌ನ ಸ್ಟಾರ್ಟಿಂಗ್ ಐದಕ್ಕೆ ತಂದ, ಅಲ್ಲಿಂದ ಮುಂದೆ ಮಯಾಮಿ ಒಂದು ಮ್ಯಾಚೂ ಗೆಲ್ಲಲಿಲ್ಲ.

"ಸ್ಟಾರ್ ಇಲ್ಲದೇ ಯಾರು ಗೆದ್ದಿದ್ದಾರೆ?"

ಈ ಪ್ರಶ್ನೆ ಬಂದೇ ಬರತ್ತೆ, ನ್ಯಾಯವಾದ ಪ್ರಶ್ನೆನೇ. 2004ರ ಡೆಟ್ರಾಯಿಟ್ ಪಿಸ್ಟನ್ಸ್ ಬಿಟ್ರೆ ಅಂಥ ಉದಾಹರಣೆ ಕೊಡೋದು ಕಷ್ಟ. ಸ್ಟಾರ್ ಬೇಕೇ ಬೇಕು. ನಮ್ಮ ಮ್ಯಾಥ್ಸ್ ಕ್ಲಾಸಿನ ಮಾತಲ್ಲಿ ಹೇಳೋದಾದ್ರೆ ಸ್ಟಾರ್ ನೆಸೆಸರಿ ಕಂಡಿಷನ್, ಸಫಿಶಿಯೆಂಟ್ ಕಂಡಿಷನ್ ಅಲ್ಲ.

ಡೆನ್ವರ್‌ನಲ್ಲಿ ಇದು ಸ್ಪಷ್ಟವಾಗಿ ಕಾಣತ್ತೆ. 2014ರಲ್ಲಿ 41ನೇ ಪಿಕ್‌ನಲ್ಲಿ ಸಿಕ್ಕ ಯೋಕಿಚ್‌ನ ಸುತ್ತ ನಿಧಾನಕ್ಕೆ ಟೀಮ್ ಕಟ್ಟಿ 2023ರಲ್ಲಿ ತಮ್ಮ ಮೊದಲ ಟ್ರೋಫಿ ಗೆದ್ದರು. ಆ ಬೇಸಿಗೆಯಲ್ಲಿ ಬೆಂಚ್‌ನಿಂದ ಬಂದು ಎಲ್ಲ ಕೆಲಸ ಮಾಡ್ತಿದ್ದ ಬ್ರೂಸ್ ಬ್ರೌನ್ ಹೆಚ್ಚಿನ ಸಂಬಳಕ್ಕೆ ಇಂಡಿಯಾನಾಗೆ ಹೋದ. ಮುಂದಿನ ಬೇಸಿಗೆ ಕೆಂಟೇವಿಯಸ್ ಕಾಲ್ಡ್‌ವೆಲ್-ಪೋಪ್ ಒರ್ಲಾಂಡೊಗೆ ಹೋದ. ಯೋಕಿಚ್ ಅದೇ ಯೋಕಿಚ್, 2024ರಲ್ಲಿ ಮತ್ತೆ ಎಂವಿಪಿ ಕೂಡ ಆದ. ಆದ್ರೆ ಟೀಮ್ 2024ರಲ್ಲೂ 2025ರಲ್ಲೂ ಎರಡನೇ ರೌಂಡ್‌ನ ಏಳನೇ ಮ್ಯಾಚ್‌ನಲ್ಲಿ ಸೋತಿತು. 2025ರ ಬೇಸಿಗೆಯಲ್ಲಿ ಡೆನ್ವರ್ ಏನು ಮಾಡ್ತು? ಬ್ರೂಸ್ ಬ್ರೌನ್‌ನ ವಾಪಸ್ ಕರೆಸಿಕೊಂಡಿತು.

ಇದು ನಮಗೆ ಗೊತ್ತಿಲ್ಲದ ಕಥೆ ಏನಲ್ಲ. ಗೇಲ್, ಕೊಹ್ಲಿ, ಎಬಿ ಮೂವರೂ ಇದ್ದ ಆರ್‌ಸಿಬಿ 2016ರ ಫೈನಲ್‌ನಲ್ಲಿ ನಮ್ಮ ಚಿನ್ನಸ್ವಾಮಿಯಲ್ಲೇ 8 ರನ್‌ನಿಂದ ಸೋತಿತ್ತು. ಕೊನೆಗೂ ಕಪ್ ಬಂದ 2025ರ ಫೈನಲ್‌ನಲ್ಲಿ ಪಂದ್ಯಶ್ರೇಷ್ಠ ಆಗಿದ್ದು ಕೃಣಾಲ್ ಪಾಂಡ್ಯ.

ಇನ್ನೊಂದು ವಾದ ಇದೆ: ಸುಮ್ನೆ ಎರಡು ಮೂರು ವರ್ಷ ಬೇಕಂತಲೇ ಸೋಲಿ, ಡ್ರಾಫ್ಟ್‌ನಲ್ಲಿ ಒಳ್ಳೇ ಹುಡುಗರು ಸಿಗ್ತಾರೆ, ಓಕ್ಲಹಾಮಾ ಮಾಡಿದ್ದೂ ಅದೇ ಅಲ್ವಾ ಅಂತ. ಅರ್ಧ ನಿಜ. ಫಿಲಡೆಲ್ಫಿಯಾ ಇದನ್ನ ಎಲ್ಲರಿಗಿಂತ ಜೋರಾಗಿ ಮಾಡಿತು, 2015-16ರಲ್ಲಿ 10 ಗೆದ್ದು 72 ಸೋತಿತು. ಜೋಯಲ್ ಎಂಬೀಡ್ ಥರದ ಎಂವಿಪಿ ಸಿಕ್ಕರೂ 2025ರವರೆಗೆ ಒಂದು ಸಲವೂ ಎರಡನೇ ರೌಂಡ್ ದಾಟಲಿಲ್ಲ. ಸಾಲದ್ದಕ್ಕೆ 2019ರಿಂದ ಲಾಟರಿ ನಿಯಮ ಬದಲಾಗಿ, ಕೊನೆಯ ಮೂರು ಟೀಮ್‌ಗಳಿಗೂ ಮೊದಲ ಪಿಕ್ ಸಿಗೋ ಸಾಧ್ಯತೆ ತಲಾ 14 ಪರ್ಸೆಂಟ್‌ಗೆ ಇಳಿಯಿತು. 2025ರಲ್ಲಿ ಅದು ಸಿಕ್ಕಿದ್ದು 1.8 ಪರ್ಸೆಂಟ್ ಚಾನ್ಸ್ ಇದ್ದ ಡಲ್ಲಾಸ್‌ಗೆ! ಸೋಲೋದು ಪ್ಲಾನ್ ಅಲ್ಲ. ಸೋತಾಗ ಸಿಕ್ಕ ಹುಡುಗರಲ್ಲಿ ಯಾರು ವೈವಾ ಪಾಸಾಗ್ತಾರೆ ಅಂತ ನೋಡಿ, ಆಗದವನನ್ನ ಅವನು ಎಷ್ಟೇ ಪ್ರಿಯ ಆಗಿದ್ರೂ ಬಿಟ್ಟುಕೊಡೋ ಧೈರ್ಯ ಪ್ಲಾನ್.

ದುಡ್ಡಿನ ನಿಯಮ ಕೂಡ ಈಗ ಈ ಕಡೆಗೇ ತಳ್ತಿದೆ. 2023ರ ಹೊಸ ಒಪ್ಪಂದದಲ್ಲಿ "ಸೆಕೆಂಡ್ ಏಪ್ರನ್" ಅಂತ ಒಂದು ಗೆರೆ ಎಳೆದಿದ್ದಾರೆ. 2024-25ರಲ್ಲಿ ಅದು ಸುಮಾರು 18.9 ಕೋಟಿ ಡಾಲರ್. ಟೀಮಿನ ಒಟ್ಟು ಸಂಬಳ ಅದನ್ನ ದಾಟಿದ್ರೆ ಟ್ಯಾಕ್ಸ್ ಅಷ್ಟೇ ಅಲ್ಲ, ಕೈಕಾಲೇ ಕಟ್ಟಿಹಾಕ್ತಾರೆ. ಇಬ್ಬರು ಆಟಗಾರರ ಸಂಬಳ ಸೇರಿಸಿ ಒಬ್ಬ ದೊಡ್ಡವನನ್ನ ಟ್ರೇಡ್‌ನಲ್ಲಿ ತರೋ ಹಾಗಿಲ್ಲ, ಹೊಸಬರಿಗೆ ಕನಿಷ್ಠ ಸಂಬಳಕ್ಕಿಂತ ಹೆಚ್ಚು ಕೊಡೋದೂ ಕಷ್ಟ. 2024ರ ಚಾಂಪಿಯನ್ ಬಾಸ್ಟನ್ ಒಂದೇ ವರ್ಷದಲ್ಲಿ ಜ್ರೂ ಹಾಲಿಡೇ, ಪೋರ್ಜಿಂಗಿಸ್ ಇಬ್ಬರನ್ನೂ ಬಿಡಬೇಕಾಗಿ ಬಂದಿದ್ದಕ್ಕೆ ಮುಖ್ಯ ಕಾರಣ ಈ ಗೆರೆ. ಓಕ್ಲಹಾಮಾ ಗೆದ್ದಾಗ ಜೇಲನ್, ಚೆಟ್ ಇಬ್ಬರೂ ಇನ್ನೂ ಮೊದಲ ಕಾಂಟ್ರ್ಯಾಕ್ಟ್‌ನ ಕಡಿಮೆ ಸಂಬಳದಲ್ಲಿದ್ದರು ಅನ್ನೋದನ್ನೂ ಮರೀಬಾರದು. ಅವರ ನಿಜವಾದ ಕಷ್ಟ ಇನ್ನು ಮುಂದೆ. ಸ್ಟಾರ್‌ಗಳ ಬೆಲೆ ಏರಿದಷ್ಟೂ ಕಡಿಮೆ ಸಂಬಳದಲ್ಲಿ ಸಿಗೋ ಒಳ್ಳೇ ಐದನೆಯವನ ಬೆಲೆ ಇನ್ನೂ ಏರತ್ತೆ.

ಅದೃಷ್ಟದ ಮಾತೂ ಇದೆ, ಒಪ್ತೀನಿ. ಫೈನಲ್‌ನ ಏಳನೇ ಮ್ಯಾಚ್‌ನಲ್ಲಿ ಟೈರೀಸ್ ಹ್ಯಾಲಿಬರ್ಟನ್‌ನ ಅಕಿಲೀಸ್ ಹರಿಯದೇ ಇದ್ದಿದ್ರೆ ಏನಾಗ್ತಿತ್ತೋ ಯಾರೂ ಹೇಳೋಕಾಗಲ್ಲ. ಎಷ್ಟೇ ಚೆನ್ನಾಗಿ ಟೀಮ್ ಕಟ್ಟಿದ್ರೂ ಟ್ರೋಫಿ ಗ್ಯಾರಂಟಿ ಇಲ್ಲ. ಕಟ್ಟೋರ ಕೈಯಲ್ಲಿರೋದು ಎದುರಾಳಿಗೆ ಸುಲಭದ ಪ್ರಶ್ನೆ ಸಿಗದ ಹಾಗೆ ನೋಡ್ಕೊಳ್ಳೋದು ಮಾತ್ರ.

ಇದನ್ನೆಲ್ಲ ಒಂದು ಕಾಲೇಜು ಪತ್ರಿಕೆಯಲ್ಲಿ ಯಾಕೆ ಬರೀತಿದ್ದೀನಿ ಅಂದ್ರೆ, ನಾವು ಆಟ ನೋಡೋ ರೀತಿ ನಮ್ಮ ತಲೆಯಲ್ಲಿ ಒಂದು ತಪ್ಪು ಲೆಕ್ಕ ಕೂರಿಸ್ತಿದೆ ಅನ್ನೋ ಭಯ ನನಗಿದೆ. ಎನ್‌ಬಿಎ ಲೈವ್ ಬರೋದು ನಮಗೆ ಬೆಳಗಿನ ಹೊತ್ತು, ಎಂಟೂವರೆ ಕ್ಲಾಸ್ ಇರೋರು ಪೂರ್ತಿ ನೋಡೋಕಾಗಲ್ಲ. ಹಾಗಾಗಿ ಹತ್ತು ನಿಮಿಷದ ಹೈಲೈಟ್ಸ್ ನೋಡ್ತೀವಿ. ಹೈಲೈಟ್ಸ್‌ನಲ್ಲಿ ಬಾಲ್ ಒಳಗೆ ಹೋಗಿದ್ದು ಮಾತ್ರ ಇರತ್ತೆ. ಕರೂಸೊ ಯೋಕಿಚ್ ಕೈಗೆ ಬಾಲ್ ಬರದ ಹಾಗೆ ತಡೆದ ಹದಿನೈದು ಸೆಕೆಂಡ್ ಇರಲ್ಲ, ಯಾಕಂದ್ರೆ ಅಲ್ಲಿ ಏನೂ "ಆಗಲಿಲ್ಲ". ಏನೂ ಆಗದ ಹಾಗೆ ನೋಡ್ಕೊಂಡಿದ್ದೇ ಅವನ ಕೆಲಸ ಅನ್ನೋದು ಎಡಿಟಿಂಗ್‌ನಲ್ಲಿ ಹೋಗಿಬಿಡತ್ತೆ. ಆಮೇಲೆ ನಾವು ಅದೇ ಕಣ್ಣಲ್ಲಿ ನಮ್ಮ ಟೀಮ್‌ಗಳನ್ನೂ ಆರಿಸ್ತೀವಿ. ಇಂಟರ್ ಡಿಪಾರ್ಟ್‌ಮೆಂಟ್ ಮ್ಯಾಚ್‌ಗೆ ಐದು ಜನ ಶೂಟರ್, ರಿಬೌಂಡ್‌ಗೆ ಯಾರೂ ಇಲ್ಲ. ಹ್ಯಾಕಥಾನ್‌ಗೆ ನಾಲ್ಕು ಜನ ಕೋಡ್ ಬರೆಯೋ ಹೀರೋಗಳು, ಟೆಸ್ಟ್ ಮಾಡೋರು, ರಿಪೋರ್ಟ್ ಬರೆಯೋರು ಯಾರೂ ಇಲ್ಲ. ರಾತ್ರಿ ಮೂರು ಗಂಟೆಗೆ ಡೆಮೊ ಕೈಕೊಡೋದು ಆ ಯಾರೂ ಇಲ್ಲದ ಜಾಗದಲ್ಲೇ.

ಒಂದು ಕೋರಿಕೆ ಇದೆ. ಮುಂದಿನ ಪ್ಲೇಆಫ್ ಶುರುವಾದಾಗ ಒಂದೇ ಒಂದು ಮ್ಯಾಚ್‌ನ ಕೊನೇ ಕ್ವಾರ್ಟರ್ ಪೂರ್ತಿ ನೋಡಿ, ಬಾಲ್ ಹಿಂದೆ ಕಣ್ಣು ಓಡಿಸದೆ. ಯಾರನ್ನ ಖಾಲಿ ಬಿಡ್ತಿದ್ದಾರೆ, ಯಾರ ಕಡೆಗೆ ಮತ್ತೆ ಮತ್ತೆ ಸ್ಕ್ರೀನ್ ಹಾಕಿಸ್ತಿದ್ದಾರೆ ಅಂತ ಹುಡುಕಿ. ಆ ಮನುಷ್ಯ ಸಿಕ್ಕಿದ ಅಂದ್ರೆ ಸೀರೀಸ್ ಯಾರು ಗೆಲ್ತಾರೆ ಅಂತ ಊಹಿಸೋಕೆ ನಿಮಗೆ ಯಾವ ಎಕ್ಸ್‌ಪರ್ಟೂ ಬೇಕಾಗಲ್ಲ. ಎಷ್ಟು ಹುಡುಕಿದ್ರೂ ಅಂಥವನು ಸಿಗದ ಟೀಮ್ ಇದ್ರೆ, ಜುಲೈನಲ್ಲಿ ಅವರ ಬಗ್ಗೆ ಯಾರೂ ಮಾತಾಡಿರದಿದ್ದರೂ, ನನ್ನ ಓಟು ಅವರಿಗೆ.